ತೆಗೆದುಹಾಕಿದ ಮಾಸ್ತರ ಮುಂದ ಎಲ್ಲಿಗಿ ಹೋಗ್ತಾನ?

ಕಡೇಚೂರು–ಬಾಡಿಯಾಳ ಕೈಗಾರಿಕಾ ಪ್ರದೇಶದ ಕಾರ್ಖಾನೆಯಲ್ಲಿ ಬಾಯ್ಲರ್ ನೋಡಿಕೊಳ್ಳುವವನ ಹತ್ತಿರ ಅರ್ಹತಾ ಪತ್ರ ಇರಲೇಬೇಕು. ಸೈದಾಪುರದ ಕಡೆಯಿಂದ ಕೆಲಸಗಾರರನ್ನು ತಂದು ಇಳಿಸುವ ಬಸ್ಸಿನ ಚಾಲಕನಿಗೆ ಲೈಸೆನ್ಸ್ ಬೇಕು. ಕುಡಿದು ಓಡಿಸಿ ಸಿಕ್ಕಿಬಿದ್ದರೆ ಆರ್‌ಟಿಒ ಅದನ್ನು ಅಮಾನತಿನಲ್ಲಿಡಬಹುದು. ಔಷಧಿ ಅಂಗಡಿಯಲ್ಲಿ ಗುಳಿಗೆ ಕೊಡುವವರ ಹೆಸರು ಫಾರ್ಮಸಿ ಕೌನ್ಸಿಲ್‌ನಲ್ಲಿ, ಡಾಕ್ಟರ ಹೆಸರು ವೈದ್ಯಕೀಯ ಪರಿಷತ್ತಿನಲ್ಲಿ, ಯಾದಗಿರಿ ಕೋರ್ಟಿನ ವಕೀಲರ ಹೆಸರು ವಕೀಲರ ಪರಿಷತ್ತಿನಲ್ಲಿ ನೋಂದಣಿಯಾಗಿರುತ್ತದೆ. ಇವರಲ್ಲಿ ಯಾರೇ ದೊಡ್ಡ ತಪ್ಪು ಮಾಡಿದರೂ ಆ ಪಟ್ಟಿಯಿಂದ ಹೆಸರು ತೆಗೆಯುವ ದಾರಿಯೊಂದು ಕಾನೂನಿನಲ್ಲಿದೆ. ಅದೇ ಊರಿನ ಶಾಲೆಯಲ್ಲಿ ನಲವತ್ತು–ಐವತ್ತು ಮಕ್ಕಳ ಮುಂದೆ ನಿಲ್ಲುವ ಮಾಸ್ತರಿಗೂ ಅಕ್ಕೋರಿಗೂ ಹೀಗೆ ಕಿತ್ತುಕೊಳ್ಳಬಹುದಾದ ಕಾಗದ ಯಾವುದೂ ಇಲ್ಲ.

'ಟಿಇಟಿ ಅದಲ್ರೀ' ಎಂದು ಯಾರಾದರೂ ಕೇಳಬಹುದು. ಶಿಕ್ಷಣ ಹಕ್ಕು ಕಾಯ್ದೆ 2009ರ ಅಡಿಯಲ್ಲಿ ರಾಷ್ಟ್ರೀಯ ಶಿಕ್ಷಕರ ಶಿಕ್ಷಣ ಪರಿಷತ್ತು, ಅಂದರೆ ಎನ್‌ಸಿಟಿಇ, 2010ರ ಆಗಸ್ಟ್ 23ರಂದು ಹೊರಡಿಸಿದ ಅಧಿಸೂಚನೆಯಿಂದ ಒಂದರಿಂದ ಎಂಟನೆಯ ತರಗತಿಗೆ ಪಾಠ ಮಾಡುವವರಿಗೆ ಈ ಅರ್ಹತಾ ಪರೀಕ್ಷೆ ಕಡ್ಡಾಯವಾಯಿತು. ನೂರೈವತ್ತು ಅಂಕದ ಪ್ರಶ್ನೆಪತ್ರಿಕೆ, ಸಾಮಾನ್ಯ ವರ್ಗಕ್ಕೆ ಶೇ 60 ಬಂದರೆ ಪಾಸು. ಮೊದಲು ಅದರ ಆಯುಷ್ಯ ಏಳು ವರ್ಷ ಇತ್ತು. 2021ರಲ್ಲಿ ಕೇಂದ್ರ ಸರ್ಕಾರ ಅದನ್ನು ಜೀವಮಾನಪೂರ್ತಿ ಎಂದು ಬದಲಿಸಿತು. ಏಳು ವರ್ಷಕ್ಕೊಮ್ಮೆ ಪರೀಕ್ಷೆ ಬರೆದು ಹೈರಾಣಾಗುತ್ತಿದ್ದ ನಿರುದ್ಯೋಗಿ ಹುಡುಗರಿಗೆ ಅದರಿಂದ ಸಮಾಧಾನ ಸಿಕ್ಕಿದ್ದು ನಿಜ, ನನ್ನ ತಕರಾರು ಅದಲ್ಲ. ಆದರೆ ಟಿಇಟಿ ಒಂದು ಅಂಕಪಟ್ಟಿ ಅಷ್ಟೇ. ಮಕ್ಕಳ ಮನೋವಿಜ್ಞಾನದ ಮೂವತ್ತು ಪ್ರಶ್ನೆಗೆ ಸರಿಯುತ್ತರ ಗುರುತಿಸಿದವರ ನಡತೆಯ ಬಗ್ಗೆ ಅದು ಏನನ್ನೂ ಹೇಳುವುದಿಲ್ಲ, ನಡತೆ ಕೆಟ್ಟರೆ ಅದು ರದ್ದಾಗುವುದೂ ಇಲ್ಲ.

2025ರ ಸೆಪ್ಟೆಂಬರ್ 1ರಂದು ಸುಪ್ರೀಂ ಕೋರ್ಟು ಕೊಟ್ಟ ತೀರ್ಪು ಈಗ ಸ್ಟಾಫ್ ರೂಮುಗಳಲ್ಲಿ ದೊಡ್ಡ ಚರ್ಚೆ. ನಿವೃತ್ತಿಗೆ ಐದು ವರ್ಷಕ್ಕಿಂತ ಹೆಚ್ಚು ಸೇವೆ ಉಳಿದಿರುವ ಶಿಕ್ಷಕರು ಎರಡು ವರ್ಷದೊಳಗೆ ಟಿಇಟಿ ಪಾಸಾಗಬೇಕು. ಐದಕ್ಕಿಂತ ಕಡಿಮೆ ಇದ್ದವರು ಮುಂದುವರಿಯಬಹುದು, ಆದರೆ ಟಿಇಟಿ ಇಲ್ಲದೆ ಬಡ್ತಿ ಇಲ್ಲ. ಅಲ್ಪಸಂಖ್ಯಾತ ಸಂಸ್ಥೆಗಳ ಪ್ರಶ್ನೆಯನ್ನು ದೊಡ್ಡ ಪೀಠಕ್ಕೆ ಕಳಿಸಿದೆ. ಇಪ್ಪತ್ತು ವರ್ಷ ಒಳ್ಳೆಯ ಹೆಸರಿನಿಂದ ಪಾಠ ಮಾಡಿದ ಅಕ್ಕೋರು ಈಗ ಮಗಳ ಜೊತೆ ಕೂತು ಗೈಡ್ ಓದುವ ಕಾಲ ಬಂದಿದೆ. ಇಷ್ಟೆಲ್ಲ ಕಟ್ಟುನಿಟ್ಟಿನ ನಡುವೆ, ಒಬ್ಬ ಶಿಕ್ಷಕ ಮಕ್ಕಳ ಮೇಲೆ ಕೈಮಾಡಿದರೆ, ಅದಕ್ಕಿಂತ ಕೆಟ್ಟದ್ದು ಮಾಡಿದರೆ, ಮುಂದಿನ ಶಾಲೆಗೆ ಅದು ಗೊತ್ತಾಗುವುದು ಹೇಗೆ ಎಂಬ ಪ್ರಶ್ನೆಗೆ ಮಾತ್ರ ಯಾವ ನಿಯಮದಲ್ಲೂ ಸರಿಯಾದ ಜಾಗ ಸಿಕ್ಕಿಲ್ಲ.

ಸರ್ಕಾರಿ ಶಿಕ್ಷಕರ ವಿಷಯದಲ್ಲಿ ಒಂದು ಜಾಡು ಇದೆ. ಅವರು ಸರ್ಕಾರಿ ನೌಕರರು. ಅವರಿಗೆ 2021ರ ನಡತೆ ನಿಯಮಗಳು, ಅದಕ್ಕಿಂತ ಹಳೆಯದಾದ 1957ರ ಕರ್ನಾಟಕ ಸಿವಿಲ್ ಸೇವಾ (ವರ್ಗೀಕರಣ, ನಿಯಂತ್ರಣ ಮತ್ತು ಮೇಲ್ಮನವಿ) ನಿಯಮಗಳು ಅನ್ವಯಿಸುತ್ತವೆ. ಪತ್ರಿಕೆಯಲ್ಲಿ 'ಶಿಕ್ಷಕ ಅಮಾನತು' ಎಂದು ಓದಿದಾಗ ಊರಿನವರು ನ್ಯಾಯ ಸಿಕ್ಕಿತು ಅಂದುಕೊಳ್ಳುತ್ತಾರೆ. ಆ ನಿಯಮಗಳ ಪ್ರಕಾರ ಅಮಾನತು ಶಿಕ್ಷೆಯೇ ಅಲ್ಲ. ವಿಚಾರಣೆ ಮುಗಿಯುವ ತನಕ ದೂರ ಇಡುವ ವ್ಯವಸ್ಥೆ ಅದು, ಜೀವನಾಧಾರ ಭತ್ಯೆ ಬರುತ್ತಲೇ ಇರುತ್ತದೆ. ಕ್ರಿಮಿನಲ್ ಆರೋಪದ ಮೇಲೆ 48 ಗಂಟೆಗಿಂತ ಹೆಚ್ಚು ಕಸ್ಟಡಿಯಲ್ಲಿದ್ದರೆ ಅಮಾನತು ತಾನಾಗಿಯೇ ಆದಂತೆ. ಶಿಕ್ಷೆ ಬರುವುದು ಆಮೇಲೆ: ದೋಷಾರೋಪಣಾ ಪಟ್ಟಿ, ಲಿಖಿತ ಹೇಳಿಕೆ, ಇಲಾಖಾ ವಿಚಾರಣೆ, ಸಾಕ್ಷಿಗಳು, ವರದಿ, ಎರಡನೆಯ ನೋಟಿಸು. ಕೊನೆಗೆ ವಾಗ್ದಂಡನೆಯಿಂದ ಹಿಡಿದು ವೇತನ ಬಡ್ತಿ ತಡೆ, ಹಿಂಬಡ್ತಿ, ಕಡ್ಡಾಯ ನಿವೃತ್ತಿ, ಸೇವೆಯಿಂದ ತೆಗೆದುಹಾಕುವುದು, ವಜಾ ಮಾಡುವುದು. ಕೊನೆಯ ಎರಡು ಕೇಳಲು ಒಂದೇ ಥರ, ಆದರೆ ಪರಿಣಾಮ ಬೇರೆ. ತೆಗೆದುಹಾಕಿದರೆ ಅದು ಮುಂದಿನ ನೌಕರಿಗೆ ಅನರ್ಹತೆಯಲ್ಲ. ವಜಾ ಆದರೆ ಸಾಮಾನ್ಯವಾಗಿ ಅನರ್ಹತೆ. ಇಬ್ಬರು ಶಿಕ್ಷಕರು ಒಂದೇ ತಪ್ಪಿಗೆ ಒಂದೇ ದಿನ ಮನೆಗೆ ಹೋದರೂ, ಆದೇಶದಲ್ಲಿ ಯಾವ ಪದ ಬಿತ್ತು ಎಂಬುದರ ಮೇಲೆ ಒಬ್ಬನಿಗೆ ಬಾಗಿಲು ತೆರೆದಿರುತ್ತದೆ, ಇನ್ನೊಬ್ಬನಿಗೆ ಮುಚ್ಚಿರುತ್ತದೆ. ಅದೂ ಸರ್ಕಾರದ ಬಾಗಿಲು ಮಾತ್ರ. ಪಕ್ಕದ ಜಿಲ್ಲೆಯ ಖಾಸಗಿ ಶಾಲೆಯವರು ಆ ಸೇವಾ ಪುಸ್ತಕ ನೋಡುವ ಪ್ರಶ್ನೆಯೇ ಇಲ್ಲ.

ಖಾಸಗಿ ಶಾಲೆಗಳಿಗೆ ಕರ್ನಾಟಕ ಶಿಕ್ಷಣ ಕಾಯ್ದೆ 1983 ಇದೆ. ಅದರ 92ನೆಯ ಕಲಮಿನ ಪ್ರಕಾರ ವಿಚಾರಣೆ ನಡೆಸದೆ ನೌಕರನನ್ನು ವಜಾ ಮಾಡುವಂತಿಲ್ಲ. ಮಾಡಿದರೆ ಆತ ಶೈಕ್ಷಣಿಕ ಮೇಲ್ಮನವಿ ನ್ಯಾಯಾಧಿಕರಣಕ್ಕೆ ಹೋಗಬಹುದು. ಶಿಕ್ಷಕರ ರಕ್ಷಣೆಗೆ ಇದು ಬೇಕೇಬೇಕು, ಆಡಳಿತ ಮಂಡಳಿಗಳ ಮನಸೋಇಚ್ಛೆಗೆ ಅದೊಂದೇ ತಡೆ. ಆದರೆ ತಪ್ಪಿತಸ್ಥನ ಪ್ರಕರಣ ಬಂದಾಗ ಈ ದಾರಿ ಹಿಡಿಯುವ ಮಂಡಳಿಗಳು ವಿರಳ. ವಿಚಾರಣೆ ಅಂದರೆ ಶಾಲೆಯ ಹೆಸರು ಕೆಡುತ್ತದೆ, ಮುಂದಿನ ವರ್ಷದ ಅಡ್ಮಿಷನ್ ಕುಸಿಯುತ್ತದೆ. ರಾಜೀನಾಮೆ ಬರೆಸಿಕೊಂಡು, ಕೈಗೊಂದು ಅನುಭವ ಪತ್ರ ಕೊಟ್ಟು ಕಳಿಸುವುದು ಸುಲಭ. ಜೂನ್‌ನಲ್ಲಿ ಆತ ಇನ್ನೊಂದು ಊರಿನ ಸ್ಟಾಫ್ ರೂಮಿನಲ್ಲಿ ಚಹಾ ಕುಡಿಯುತ್ತಿರುತ್ತಾನೆ.

ಮೂರನೆಯ ಗುಂಪು ಅತಿಥಿ ಶಿಕ್ಷಕರದು, ನಮ್ಮ ಭಾಗದ ಶಾಲೆಗಳು ನಿಂತಿರುವುದೇ ಅವರ ಮೇಲೆ. ನಮ್ಮ ಭಾಗಕ್ಕೆ ವಿಶೇಷ ಸ್ಥಾನ ಕೊಟ್ಟ ಸಂವಿಧಾನದ 371(ಜೆ) ವಿಧಿ ಬಂದ ಮೇಲೂ ಕಲ್ಯಾಣ ಕರ್ನಾಟಕದ ಖಾಲಿ ಹುದ್ದೆಗಳು ಖಾಲಿಯಾಗಿಯೇ ಉಳಿದ ಕಥೆ ಹಳೆಯದು. ಮುಖ್ಯ ಶಿಕ್ಷಕರು ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ, ಅಂದರೆ ಎಸ್‌ಡಿಎಂಸಿ, ಜೊತೆ ಸೇರಿ ಅರ್ಜಿ ತೆಗೆದುಕೊಂಡು ಅಂಕ ನೋಡಿ ಆಯ್ಕೆ ಮಾಡುತ್ತಾರೆ. ಕಾಯಂ ಶಿಕ್ಷಕರ ಸಂಬಳದ ಮುಂದೆ ಲೆಕ್ಕಕ್ಕಿಲ್ಲದ ಗೌರವಧನ, ಬೇಸಿಗೆ ರಜೆಗೆ ಅದೂ ಇಲ್ಲ. ಅವರಲ್ಲಿ ಬಹುಪಾಲು ಜನ ಹೊಟ್ಟೆ ಕಟ್ಟಿ ದುಡಿಯುವವರು, ಅವರ ಮೇಲೆ ಅನುಮಾನದ ಕಣ್ಣು ಬೀಳಲಿ ಎಂದು ಹೇಳುತ್ತಿಲ್ಲ. ನಾನು ಹೇಳುವುದು ದಾಖಲೆಯ ಮಾತು: ಅವರಿಗೆ ಸೇವಾ ಪುಸ್ತಕವಿಲ್ಲ, ಇಲಾಖಾ ವಿಚಾರಣೆಯಿಲ್ಲ, 'ನಾಳೆಯಿಂದ ಬರಬ್ಯಾಡ್ರಿ' ಅಂದರೆ ಮುಗಿಯಿತು. ಅನ್ಯಾಯವಾಗಿ ತೆಗೆದರೂ ಕೇಳುವವರಿಲ್ಲ, ತಪ್ಪು ಮಾಡಿ ಹೋದರೂ ಗುರುತು ಉಳಿಯುವುದಿಲ್ಲ. 2022ರ ಡಿಸೆಂಬರ್‌ನಲ್ಲಿ ಗದಗ ಜಿಲ್ಲೆ ನರಗುಂದ ತಾಲ್ಲೂಕಿನ ಹದ್ಲಿಯಲ್ಲಿ ಅತಿಥಿ ಶಿಕ್ಷಕನೊಬ್ಬನ ಹಲ್ಲೆಯಿಂದ ನಾಲ್ಕನೆಯ ತರಗತಿಯ ಹುಡುಗ ಸತ್ತ ಪ್ರಕರಣ ನಡೆದಾಗ ನಾಲ್ಕು ದಿನ ಎಲ್ಲರೂ ಬೆಚ್ಚಿಬಿದ್ದೆವು. ನಿಯಮ ಇಲ್ಲವೆಂದಲ್ಲ. ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ರಕ್ಷಿಸುವ ಪೋಕ್ಸೊ ಕಾಯ್ದೆಯ 2020ರ ನಿಯಮಗಳಲ್ಲಿ ಮೂರನೆಯದು ಮಕ್ಕಳ ಒಡನಾಟಕ್ಕೆ ಬರುವ ಎಲ್ಲ ಸಿಬ್ಬಂದಿಯ, ಕಾಯಂ ಇರಲಿ ಗುತ್ತಿಗೆ ಇರಲಿ, ಪೊಲೀಸ್ ಪರಿಶೀಲನೆ ಆಗಬೇಕು, ಅದೂ ಆಗಾಗ ಆಗಬೇಕು ಎಂದು ಸ್ಪಷ್ಟವಾಗಿ ಹೇಳುತ್ತದೆ. ನಿಮ್ಮ ಊರಿನ ಅತಿಥಿ ಶಿಕ್ಷಕರನ್ನೇ ಕೇಳಿ ನೋಡಿ, ಠಾಣೆಯ ಪತ್ರ ಯಾರಾದರೂ ಕೇಳಿದ್ದರಾ ಎಂದು.

ಹೊರಗಿನ ದೇಶಗಳಲ್ಲಿ ಇದನ್ನು ಬೇರೆ ರೀತಿ ಕಟ್ಟಿಕೊಂಡಿದ್ದಾರೆ. ಸ್ಕಾಟ್ಲೆಂಡಿನಲ್ಲಿ 1965ರಿಂದಲೇ ಶಿಕ್ಷಕರ ಪರಿಷತ್ತು ಇದೆ, ಅಲ್ಲಿ ನೋಂದಣಿಯಾಗದವರು ಸರ್ಕಾರಿ ಶಾಲೆಯಲ್ಲಿ ಪಾಠ ಮಾಡುವಂತಿಲ್ಲ. ಇಂಗ್ಲೆಂಡಿನಲ್ಲಿ ನಿಷೇಧಕ್ಕೊಳಗಾದ ಶಿಕ್ಷಕರ ಪಟ್ಟಿಯಿದೆ, ನೇಮಕಕ್ಕೆ ಮುಂಚೆ ಶಾಲೆ ಅದನ್ನು ತೆರೆದು ನೋಡಬೇಕು. ಅಮೆರಿಕದಲ್ಲಿ ಪ್ರತಿ ರಾಜ್ಯವೂ ಲೈಸೆನ್ಸ್ ಕೊಡುತ್ತದೆ, ಕಿತ್ತುಕೊಂಡರೆ ಆ ಸುದ್ದಿಯನ್ನು ಉಳಿದ ರಾಜ್ಯಗಳಿಗೆ ತಿಳಿಸುವ ಒಂದು ಸಾಮಾನ್ಯ ದಾಖಲೆಯಿದೆ. ಅಲ್ಲಿಯೂ ರಾಜೀನಾಮೆ ಬರೆಸಿಕೊಂಡು ಒಳ್ಳೆಯ ಮಾತಿನ ಪತ್ರ ಕೊಟ್ಟು ಸಾಗಹಾಕುವ ಚಾಳಿ ಬಲವಾಗಿಯೇ ಇತ್ತು. ಮಕ್ಕಳ ಮೇಲೆ ಲೈಂಗಿಕ ದುರ್ನಡತೆ ಎಸಗಿದ್ದಾನೆಂದು ಗೊತ್ತಿದ್ದವನಿಗೆ ಬೇರೆ ಶಾಲೆಯಲ್ಲಿ ಕೆಲಸ ಹುಡುಕಿಕೊಡುವುದಕ್ಕೆ 2015ರ ಫೆಡರಲ್ ಕಾಯ್ದೆ ತಡೆ ಹಾಕಬೇಕಾಯಿತು. ನಮ್ಮಲ್ಲಿ 2020ರ ರಾಷ್ಟ್ರೀಯ ಶಿಕ್ಷಣ ನೀತಿ ಶಿಕ್ಷಕರಿಗೆ ವೃತ್ತಿ ಮಾನದಂಡ ರೂಪಿಸುವ ಮಾತಾಡಿದೆ. ಅದರ ಗುರಿ ಬಡ್ತಿ, ಸಂಬಳ, ಕೌಶಲ. ಹೆಸರು ತೆಗೆಯುವ ಪಟ್ಟಿಯ ಮಾತು ಅಲ್ಲಿಲ್ಲ.

ಲೈಸೆನ್ಸ್ ಇಲ್ಲದ ಈ ವ್ಯವಸ್ಥೆಯಲ್ಲಿ ಮಕ್ಕಳನ್ನು ಕಾಯುವ ಭಾರವೆಲ್ಲ ಬಿದ್ದಿರುವುದು ಒಂದೇ ಒಂದು ಕಲಮಿನ ಮೇಲೆ: ಪೋಕ್ಸೊ ಕಾಯ್ದೆ 2012ರ 19ನೆಯದು.

ಆ ಕಲಮು ಹೇಳುವುದು ಸರಳ. ಮಗುವಿನ ಮೇಲೆ ಲೈಂಗಿಕ ಅಪರಾಧ ನಡೆದಿದೆ ಎಂದು ತಿಳಿದವರು, ಅಥವಾ ನಡೆಯಬಹುದೆಂಬ ಆತಂಕ ಇರುವವರು, ಯಾರೇ ಆಗಿರಲಿ, ವಿಶೇಷ ಬಾಲಾಪರಾಧಿ ಪೊಲೀಸ್ ಘಟಕಕ್ಕೋ ಸ್ಥಳೀಯ ಠಾಣೆಗೋ ತಿಳಿಸಬೇಕು. 'ಹೆಡ್‌ಮಾಸ್ತರಿಗಿ ಹೇಳೀನಿ, ನನ್ನ ಕೆಲ್ಸ ಮುಗೀತು' ಎಂದು ಸಹಶಿಕ್ಷಕರು ಸಮಾಧಾನ ಮಾಡಿಕೊಳ್ಳುವುದುಂಟು. ಮುಗಿಯುವುದಿಲ್ಲ. ಕಾನೂನು ಬಯಸುವುದು ಠಾಣೆಗೆ ಹೋದ ಸುದ್ದಿಯನ್ನು. ಕ್ಷೇತ್ರ ಶಿಕ್ಷಣಾಧಿಕಾರಿ (ಬಿಇಒ) ಕಚೇರಿಗೆ ಕೊಟ್ಟ ಅರ್ಜಿಯಾಗಲೀ ಎಸ್‌ಡಿಎಂಸಿ ನಡಾವಳಿಯಾಗಲೀ ಅದಕ್ಕೆ ಬದಲಿಯಲ್ಲ. ಠಾಣೆಯಲ್ಲಿ ಆ ಮಾಹಿತಿಗೆ ಒಂದು ನಮೂದು ಸಂಖ್ಯೆ ಕೊಡಬೇಕು, ಬರೆದುಕೊಂಡದ್ದನ್ನು ಹೇಳಿದವರಿಗೆ ಓದಿ ತೋರಿಸಬೇಕು, 24 ಗಂಟೆಯೊಳಗೆ ಮಕ್ಕಳ ಕಲ್ಯಾಣ ಸಮಿತಿಗೂ ನ್ಯಾಯಾಲಯಕ್ಕೂ ತಿಳಿಸಬೇಕು. ಹುಡುಗಿಯ ಹೇಳಿಕೆಯನ್ನು ಅವಳ ಮನೆಯಲ್ಲೋ ಅವಳು ಹೇಳಿದ ಜಾಗದಲ್ಲೋ, ಸಾಧ್ಯವಾದಷ್ಟೂ ಮಹಿಳಾ ಪಿಎಸ್‌ಐ ಪಡೆಯಬೇಕು. ಖಾಕಿ ಹಾಕಿಕೊಂಡು ಹೋಗುವಂತಿಲ್ಲ, ರಾತ್ರಿ ಠಾಣೆಯಲ್ಲಿ ಕೂರಿಸುವಂತಿಲ್ಲ. ತಿಳಿಸದಿದ್ದವರಿಗೆ 21ನೆಯ ಕಲಮಿನಲ್ಲಿ ಆರು ತಿಂಗಳವರೆಗೆ ಸಜೆ. ತನ್ನ ಕೈಕೆಳಗಿನವನ ಅಪರಾಧವನ್ನು ಮುಚ್ಚಿಟ್ಟ ಸಂಸ್ಥೆಯ ಮುಖ್ಯಸ್ಥನಿಗೆ ಒಂದು ವರ್ಷದವರೆಗೆ ಸಜೆ, ಜೊತೆಗೆ ದಂಡ. ಒಳ್ಳೆಯ ಮನಸ್ಸಿನಿಂದ ತಿಳಿಸಿದವರ ಮೇಲೆ, ಅದು ಕೊನೆಗೆ ಸಾಬೀತಾಗದಿದ್ದರೂ, ಕೇಸು ಹಾಕುವಂತಿಲ್ಲ. ದ್ವೇಷದಿಂದ ಸುಳ್ಳು ದೂರು ಕೊಟ್ಟ ದೊಡ್ಡವರಿಗೆ ಮಾತ್ರ ಶಿಕ್ಷೆಯಿದೆ. ಮಗು ಹೇಳಿದ್ದು ಸುಳ್ಳಾದರೂ ಮಗುವಿಗೆ ಶಿಕ್ಷೆಯಿಲ್ಲ. ಇನ್ನು ಅಪರಾಧ ಎಸಗಿದವನು ಅದೇ ಶಾಲೆಯ ಸಿಬ್ಬಂದಿಯಾಗಿದ್ದರೆ ಅದು ಸಾಮಾನ್ಯ ಅಪರಾಧವಾಗಿ ಉಳಿಯುವುದಿಲ್ಲ, ಉಗ್ರ ಸ್ವರೂಪದ್ದಾಗುತ್ತದೆ. 2019ರ ತಿದ್ದುಪಡಿಯ ನಂತರ ಅಂಥ ಅತ್ಯಾಚಾರಕ್ಕೆ ಕನಿಷ್ಠ ಶಿಕ್ಷೆಯೇ 20 ವರ್ಷ.

ಈ ಕಲಮು ಕಾಗದದ ಮೇಲಷ್ಟೇ ಇಲ್ಲ ಎಂದು ನಮ್ಮ ಯಾದಗಿರಿ ಜಿಲ್ಲೆಗೆ ಗೊತ್ತಾದದ್ದು 2025ರ ಆಗಸ್ಟ್ ಕೊನೆಯ ವಾರದಲ್ಲಿ. ಶಹಾಪುರ ತಾಲ್ಲೂಕಿನ ಸರ್ಕಾರಿ ವಸತಿ ಶಾಲೆಯೊಂದರಲ್ಲಿ ಒಂಬತ್ತನೆಯ ತರಗತಿಯ ಹುಡುಗಿ ಶೌಚಾಲಯದಲ್ಲಿ ಮಗುವಿಗೆ ಜನ್ಮ ಕೊಟ್ಟಳು. ಶಾಲೆಯ ಹೆಸರು ನಾನು ಬರೆಯುವುದಿಲ್ಲ. ಹುಡುಗಿಯ ಗುರುತು ಸಿಗುವ ಯಾವ ವಿವರವನ್ನೂ, ಶಾಲೆಯ ಹೆಸರು ಸೇರಿ, ಪ್ರಕಟಿಸಬಾರದು ಎಂದು ಅದೇ ಕಾಯ್ದೆಯ 23ನೆಯ ಕಲಮು ಹೇಳುತ್ತದೆ. ಆ ವಾರ ಟಿವಿಯವರು ಅದನ್ನು ಎಷ್ಟು ಪಾಲಿಸಿದರು ಎಂಬುದು ಬೇರೆ ಮಾತು. ಆರೋಪಿ ಶಾಲೆಯ ಶಿಕ್ಷಕನಲ್ಲ, ಹೊರಗಿನವನು. ಆದರೂ ಪೊಲೀಸರು ಪ್ರಾಂಶುಪಾಲರು, ವಾರ್ಡನ್ ಸೇರಿದಂತೆ ಸಿಬ್ಬಂದಿಯ ಮೇಲೂ ಪ್ರಕರಣ ದಾಖಲಿಸಿದರು, ಇಲಾಖೆ ಅವರನ್ನು ಅಮಾನತು ಮಾಡಿತು, ರಾಜ್ಯ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗ ತಾನಾಗಿಯೇ ಪ್ರಕರಣ ಕೈಗೆತ್ತಿಕೊಂಡಿತು. ದಿನಾ ಕಣ್ಣೆದುರು ಇರುವ ಹುಡುಗಿ ತುಂಬು ಗರ್ಭಿಣಿಯಾಗುವ ತನಕ ಯಾರಿಗೂ ತಿಳಿಯಲಿಲ್ಲವೇ, ತಿಳಿದೂ ಸುಮ್ಮನಿದ್ದರೇ ಎಂಬುದನ್ನು ನ್ಯಾಯಾಲಯ ತೀರ್ಮಾನಿಸಬೇಕು. ಅದಕ್ಕಿಂತ ಮುಂಚೆ, 2024ರ ಜನವರಿಯಲ್ಲಿ, ಚಿಕ್ಕಬಳ್ಳಾಪುರ ಜಿಲ್ಲೆಯಲ್ಲೂ ಹಾಸ್ಟೆಲ್ಲಿನಲ್ಲಿದ್ದ ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳಿಗೆ ಹೆರಿಗೆಯಾಗಿ ವಾರ್ಡನ್ ಅಮಾನತಾಗಿದ್ದರು. ಎರಡು ವರ್ಷದೊಳಗೆ ಎರಡು ಕಡೆ ಒಂದೇ ಕಥೆ.

ವಸತಿ ಶಾಲೆ ಎಂಬುದು ಯಾದಗಿರಿ, ಸುರಪುರ, ಶಹಾಪುರದ ಮಕ್ಕಳ ಪಾಲಿಗೆ ಏನು ಎಂಬುದು ತಿಳಿಯದಿದ್ದರೆ ಈ ಘಟನೆಯ ತೂಕ ಅರ್ಥವಾಗುವುದಿಲ್ಲ. ಸುಗ್ಗಿ ಮುಗಿದರೆ ತಾಂಡಾಗಳಲ್ಲಿ, ಕೇರಿಗಳಲ್ಲಿ ಬೀಗ ಬೀಳುತ್ತವೆ. ಅಪ್ಪ–ಅವ್ವ ಬೆಂಗಳೂರಿಗೋ ಪುಣೆಗೋ ಹೈದರಾಬಾದಿಗೋ ಗುಳೆ ಹೋಗುತ್ತಾರೆ. ಮಗು ಅಜ್ಜಿ ಹತ್ತಿರ ಇಲ್ಲವೇ ಹಾಸ್ಟೆಲ್ಲಿನಲ್ಲಿ. ವಾರಕ್ಕೊಮ್ಮೆ ಬಂದು ಮುಖ ನೋಡಿ 'ಯಾಕವ್ವ ಸೊರಗಿ' ಎಂದು ಕೇಳುವವರು ಇಲ್ಲ. 2011ರ ಜನಗಣತಿಯಲ್ಲಿ ಶೇ 52ನ್ನೂ ಮುಟ್ಟದ ಸಾಕ್ಷರತೆಯೊಂದಿಗೆ ರಾಜ್ಯದ ಕಟ್ಟಕಡೆಯಲ್ಲಿದ್ದ ಜಿಲ್ಲೆ ಇದು. ಹುಡುಗಿಯರನ್ನು ಎಂಟನೆಯ ತರಗತಿಯಾಚೆ ಓದಿಸಲು ತಂದೆತಾಯಿ ಒಪ್ಪುವುದೇ 'ಅಲ್ಲಿ ಅಕ್ಕೋರು ಅದಾರ, ನೋಡ್ಕೋತಾರ' ಎಂಬ ಒಂದು ಮಾತಿನ ಮೇಲೆ.

ತಿಳಿಸದಿರುವುದು ಸಣ್ಣ ತಾಂತ್ರಿಕ ತಪ್ಪು ಎಂದು ವಾದಿಸುವವರಿಗೆ ಸುಪ್ರೀಂ ಕೋರ್ಟು 2022ರ ನವೆಂಬರ್‌ನಲ್ಲೇ ಉತ್ತರ ಕೊಟ್ಟಿದೆ. ಮಹಾರಾಷ್ಟ್ರದ ಚಂದ್ರಪುರ ಜಿಲ್ಲೆಯ ರಾಜುರಾದಲ್ಲಿ ಶಾಲಾ ಹಾಸ್ಟೆಲ್ಲಿನ ಬುಡಕಟ್ಟು ಹುಡುಗಿಯರ ಮೇಲೆ ನಡೆದ ದೌರ್ಜನ್ಯ ಗೊತ್ತಿದ್ದೂ ವೈದ್ಯರೊಬ್ಬರು ಪೊಲೀಸರಿಗೆ ತಿಳಿಸಲಿಲ್ಲ ಎಂಬುದು ಆರೋಪ. ಹೈಕೋರ್ಟು ಅವರ ಮೇಲಿನ ಕೇಸು ರದ್ದು ಮಾಡಿತ್ತು. ಸುಪ್ರೀಂ ಕೋರ್ಟು ಅದನ್ನು ಮತ್ತೆ ಜೀವಂತ ಮಾಡಿ, ಗೊತ್ತಿದ್ದೂ ತಿಳಿಸದಿರುವುದು ಗಂಭೀರ ಅಪರಾಧ ಎಂದಿತು.

ಇನ್ನೊಂದು ತೀರ್ಪು ನಮ್ಮ ಊರುಗಳ ಕಟ್ಟೆ ಪಂಚಾಯ್ತಿಗೆ ನೇರವಾಗಿ ಸಂಬಂಧಿಸಿದ್ದು. ರಾಜಸ್ಥಾನದ ಹಳ್ಳಿಯೊಂದರಲ್ಲಿ 2022ರ ಆರಂಭದಲ್ಲಿ ಶಿಕ್ಷಕನೊಬ್ಬನ ಮೇಲೆ ವಿದ್ಯಾರ್ಥಿನಿಗೆ ಲೈಂಗಿಕ ಕಿರುಕುಳ ಕೊಟ್ಟ ಆರೋಪ ಬಂತು, ಎಫ್‌ಐಆರ್ ಆಯಿತು. ಆಮೇಲೆ ಹುಡುಗಿಯ ತಂದೆಯಿಂದ 'ತಪ್ಪು ತಿಳಿವಳಿಕೆಯಿಂದ ದೂರು ಕೊಟ್ಟೆವು' ಎಂದು ಛಾಪಾ ಕಾಗದದ ಮೇಲೆ ಬರೆಸಿಕೊಂಡರು, ರಾಜ್ಯದ ಹೈಕೋರ್ಟು ಆ ರಾಜಿ ಒಪ್ಪಿ ಪ್ರಕರಣ ರದ್ದುಪಡಿಸಿತು. ಅಲ್ಲಿಗೆ ಮುಗಿಯಬೇಕಿತ್ತು. ಆದರೆ ಹುಡುಗಿಗೆ ಸಂಬಂಧವೇ ಇಲ್ಲದ ಅದೇ ಊರಿನ ಇಬ್ಬರು ದಿಲ್ಲಿಯ ತನಕ ಹೋದರು. 2024ರ ನವೆಂಬರ್ 7ರಂದು ಸುಪ್ರೀಂ ಕೋರ್ಟು ಅವರ ಅಹವಾಲನ್ನು ಕೇಳಿ, ಇಂಥ ಅಪರಾಧ ಇಬ್ಬರ ನಡುವಿನ ಖಾಸಗಿ ವಿಷಯವಲ್ಲ, ರಾಜಿಯ ಆಧಾರದ ಮೇಲೆ ಕೇಸು ಮುಚ್ಚುವಂತಿಲ್ಲ ಎಂದು ಹೇಳಿ ಪ್ರಕರಣ ಮುಂದುವರಿಸಲು ಆದೇಶಿಸಿತು. 'ಹುಡುಗಿ ಹೆಸ್ರು ಕೆಡ್ತದ, ಸುಮ್ನಿರ್ರಿ, ಮಾಸ್ತರನ್ನ ಬ್ಯಾರೆ ಕಡಿ ಹಾಕಿಸ್ತೀವಿ' ಎಂದು ಹನುಮಪ್ಪನ ಗುಡಿಯ ಕಟ್ಟೆಯ ಮೇಲೆ ತೀರ್ಮಾನ ಕೊಡುವ ಹಿರಿಯರಿಗೆ ಯಾರಾದರೂ ಈ ತೀರ್ಪನ್ನು ಓದಿ ಹೇಳಬೇಕು. ಅಂಥ ತೀರ್ಮಾನ ಕೊಟ್ಟ ಕ್ಷಣ ಕಟ್ಟೆಯ ಮೇಲೆ ಕೂತವರೆಲ್ಲರಿಗೂ ವಿಷಯ ತಿಳಿದಂತಾಯಿತು. 19ನೆಯ ಕಲಮಿನ ಪ್ರಕಾರ ಅವರೆಲ್ಲರೂ ಠಾಣೆಗೆ ತಿಳಿಸಬೇಕಾದವರೇ.

'ಬ್ಯಾರೆ ಕಡಿ ಹಾಕಿಸೋದು' ಅಂದೆ. ಶಿಕ್ಷಕರ ವರ್ಗಾವಣೆಗೆ 2020ರ ಕಾಯ್ದೆಯಿದೆ, ವಲಯಗಳಿವೆ, ಕೌನ್ಸೆಲಿಂಗ್ ಇದೆ. ಅದರ ಹೊರಗೆ ನಿಯೋಜನೆ ಎಂಬ ಇನ್ನೊಂದು ಹಾದಿಯೂ ಇದೆ. ತಪ್ಪು ಮಾಡಿದ ನೌಕರನನ್ನು 'ಯಾದಗಿರಿಗೆ ಹಾಕ್ತೀನಿ' ಎಂದು ಬೆದರಿಸುವುದು ಬೆಂಗಳೂರಿನ ಕಚೇರಿಗಳಲ್ಲಿ ಬಹಳ ಕಾಲದ ರೂಢಿ. ಬೇರೆಯವರ ಶಿಕ್ಷೆ ನಮ್ಮ ಮಕ್ಕಳ ತರಗತಿಗೆ ಬಂದು ನಿಲ್ಲುತ್ತದೆ ಎಂಬುದು ಹಾಗೆ ಹೇಳುವವರ ತಲೆಗೆ ಹೊಳೆದಂತಿಲ್ಲ. ಜಿಲ್ಲೆಯೊಳಗೂ ಅದೇ ನಡೆ: ಪಟ್ಟಣದಲ್ಲಿ ಗಲಾಟೆಯಾದರೆ ಹಳ್ಳಿಗೆ, ಹಳ್ಳಿಯಲ್ಲಾದರೆ ತಾಂಡಾಕ್ಕೆ.

ಹೊಡೆತದ ವಿಷಯ ಸ್ವಲ್ಪದರಲ್ಲಿ ಹೇಳಿಬಿಡುತ್ತೇನೆ, ಯಾಕೆಂದರೆ ಕಾನೂನಿನಲ್ಲಿ ಗೊಂದಲವೇ ಇಲ್ಲ. ಶಿಕ್ಷಣ ಹಕ್ಕು ಕಾಯ್ದೆಯ 17ನೆಯ ಕಲಮು ದೈಹಿಕ ಶಿಕ್ಷೆ ಮತ್ತು ಮಾನಸಿಕ ಹಿಂಸೆ ಎರಡನ್ನೂ ನಿಷೇಧಿಸಿದೆ, ಮಾಡಿದವರ ಮೇಲೆ ಶಿಸ್ತು ಕ್ರಮ. ಪೆಟ್ಟು ಜೋರಾಗಿದ್ದರೆ ಬಾಲನ್ಯಾಯ ಕಾಯ್ದೆಯ 75ನೆಯ ಕಲಮು, ಭಾರತೀಯ ನ್ಯಾಯ ಸಂಹಿತೆ ಕೂಡ ಬರುತ್ತವೆ. 2023ರ ಡಿಸೆಂಬರ್‌ನಲ್ಲಿ ಕೋಲಾರದ ಮಾಲೂರು ತಾಲ್ಲೂಕಿನ ಮೊರಾರ್ಜಿ ದೇಸಾಯಿ ವಸತಿ ಶಾಲೆಯಲ್ಲಿ ಮಕ್ಕಳನ್ನು ಶೌಚಗುಂಡಿಗೆ ಇಳಿಸಿದಾಗ ಅಮಾನತಿನ ಜೊತೆ ಬಂಧನವೂ ಆಯಿತು. ಗೊಂದಲ ಇರುವುದು ನಮ್ಮಲ್ಲಿ. 'ನಾಕು ಬಡಿರಿ ಸರ್, ಬುದ್ಧಿ ಬರ್ಲಿ' ಎಂದು ಶಾಲೆಗೆ ಬಂದು ಹೇಳಿಹೋಗುವ ಅಪ್ಪನೇ, ಕಿವಿಯಿಂದ ರಕ್ತ ಬಂದ ದಿನ ಬಿಇಒ ಕಚೇರಿಯ ಮುಂದೆ ನಿಂತಿರುತ್ತಾನೆ.

ದೂರು ಕೊಡದಿರುವುದಕ್ಕೆ ಭಯ, ಮರ್ಯಾದೆಯ ಜೊತೆಗೆ ಇನ್ನೊಂದು ಕಾರಣವೂ ಇದೆ, ಅದನ್ನು ಅಧಿಕಾರಿಗಳು ಬಾಯಿಬಿಟ್ಟು ಹೇಳುವುದಿಲ್ಲ. ಇಬ್ಬರೇ ಶಿಕ್ಷಕರಿರುವ ಶಾಲೆಯಲ್ಲಿ ಒಬ್ಬನನ್ನು ಅಮಾನತು ಮಾಡಿದರೆ ಆ ಜಾಗಕ್ಕೆ ಯಾರೂ ಬರುವುದಿಲ್ಲ. ಹುದ್ದೆ ಲೆಕ್ಕದಲ್ಲಿ ಭರ್ತಿಯಾಗಿರುತ್ತದೆ, ಕುರ್ಚಿ ಖಾಲಿ. ವಿಚಾರಣೆ ವರ್ಷಗಟ್ಟಲೆ. ಎಸ್‌ಡಿಎಂಸಿ ಅಧ್ಯಕ್ಷರು ಎರಡು ಸಲ ಯೋಚಿಸುವುದು ಸಹಜ: ಇದ್ದ ಮಾಸ್ತರನೂ ಹೋದರೆ ಗಣಿತ ಹೇಳುವವರು ಯಾರು? 2024ರ ಎಸ್‌ಎಸ್‌ಎಲ್‌ಸಿಯಲ್ಲಿ ಶೇ 50.59 ಫಲಿತಾಂಶದೊಂದಿಗೆ ರಾಜ್ಯದಲ್ಲಿ ಕೊನೆಗೆ ನಿಂತ ಜಿಲ್ಲೆಯ ಪಾಲಕರಿಗೆ ಈ ಲೆಕ್ಕ ಚೆನ್ನಾಗಿ ಗೊತ್ತು. ದೂರು ಬಂದ ಶಾಲೆಗೆ ವಾರದೊಳಗೆ ಬದಲಿ ಶಿಕ್ಷಕರು ಬರುತ್ತಾರೆ ಎಂಬ ಖಾತ್ರಿ ಇದ್ದರೆ, ಇಂದು ಮುಚ್ಚಿಹೋಗುತ್ತಿರುವ ಎಷ್ಟೋ ವಿಷಯ ಬಾಯಿಗೆ ಬಂದೀತು ಎಂಬುದು ನನ್ನ ಅಂದಾಜು.

ಪಟ್ಟಿಯ ವಿಷಯಕ್ಕೆ ಹೊಸ ಕಾಯ್ದೆ ಬರುವ ತನಕ ಕಾಯಬೇಕಾಗಿಯೂ ಇಲ್ಲ. ಪ್ರತಿವರ್ಷ ಯುಡೈಸ್ ಪ್ಲಸ್ ಎಂಬ ಕೇಂದ್ರದ ದತ್ತಾಂಶ ವ್ಯವಸ್ಥೆಗೆ ಸರ್ಕಾರಿ, ಅನುದಾನಿತ, ಖಾಸಗಿ ಎನ್ನದೆ ಎಲ್ಲ ಶಾಲೆಗಳೂ ತಮ್ಮ ಶಿಕ್ಷಕರ ವಿವರ ತುಂಬುತ್ತವೆ: ವಿದ್ಯಾರ್ಹತೆ, ಜನ್ಮದಿನಾಂಕ, ಯಾವ ವಿಷಯ, ಯಾವಾಗ ಸೇರಿದರು. ಊರಿನ ಮುಖ್ಯ ಶಿಕ್ಷಕರು ನೆಟ್‌ವರ್ಕ್ ಸಿಗದೆ ರಾತ್ರಿ ಹತ್ತಕ್ಕೆ ಮಾಳಿಗೆ ಹತ್ತಿ ತುಂಬುವ ಅದೇ ಫಾರಂ. ಅದರಲ್ಲಿ ಇನ್ನೂ ಎರಡು ಕಾಲಂ ಸೇರಿಸಬಹುದು: ಪೊಲೀಸ್ ಪರಿಶೀಲನೆ ಆದ ದಿನಾಂಕ, ಹಿಂದಿನ ಶಾಲೆ ಬಿಟ್ಟ ಕಾರಣ. ಎರಡನೆಯದು ಸಾರ್ವಜನಿಕರ ಕಣ್ಣಿಗೆ ಬೀಳಬಾರದು. ಬರೀ ದೂರಿನ ಮೇಲೆ ಅದರಲ್ಲಿ ಏನನ್ನೂ ಬರೆಯಬಾರದು. ಶಿಸ್ತು ಪ್ರಾಧಿಕಾರದ ಅಂತಿಮ ಆದೇಶ ಅಥವಾ ನ್ಯಾಯಾಲಯದ ತೀರ್ಪು ಬಂದ ಮೇಲೆ, ಮೇಲ್ಮನವಿಯ ಅವಧಿ ಮುಗಿದ ಮೇಲೆ ಮಾತ್ರ ಬರೆಯಬೇಕು. ಹಳ್ಳಿಯ ರಾಜಕೀಯದಲ್ಲಿ ಗುಂಪಿಗೆ ಸೇರದ ಮಾಸ್ತರನ ಮೇಲೆ ಕಟ್ಟುಕಥೆ ಹೆಣೆಯುವುದನ್ನೂ ನಾವು ಕಂಡವರೇ. ಇದಕ್ಕೆ ಒಂದೇ ವಿನಾಯಿತಿ: ವಿಚಾರಣೆ ನಡೆಯುತ್ತಿರುವಾಗ ರಾಜೀನಾಮೆ ಕೊಟ್ಟು ಹೋದರೆ 'ವಿಚಾರಣೆ ಬಾಕಿ' ಎಂದಷ್ಟೇ ನಮೂದಾಗಲಿ, ಹೊಸ ಶಾಲೆಯವರು ಫೋನು ಮಾಡಿ ಕೇಳಿಕೊಳ್ಳಲಿ. ಅತಿಥಿ ಶಿಕ್ಷಕರಿಗೂ ಇದೇ ಫಾರಂ ಅನ್ವಯಿಸಿದರೆ, ಕಾರಣ ಕೊಡದೆ 'ಬರಬ್ಯಾಡ್ರಿ' ಎನ್ನುವ ಮುಖ್ಯ ಶಿಕ್ಷಕರೂ ಒಂದು ಸಾಲು ಕಾರಣ ಬರೆಯಬೇಕಾಗುತ್ತದೆ. ಅನ್ಯಾಯವಾಗಿ ಕೆಲಸ ಕಳೆದುಕೊಂಡವರಿಗೆ ಪ್ರಶ್ನಿಸಲು ಆ ಸಾಲೇ ಮೊದಲ ದಾಖಲೆಯಾಗುತ್ತದೆ.